ವಾಲ್ವ್ ಕಿತ್ತು ಬಿಸಾಡುವ ಮುನ್ನ: ಕಾರಿನ ಥರ್ಮೋಸ್ಟಾಟ್ ದೋಷ ಪತ್ತೆ, ಆಯ್ಕೆ, ಬದಲಾವಣೆ

"ಗಾಡಿ ಹೀಟಾಗ್ತಿದೆ" ಎಂದು ಗ್ಯಾರೇಜಿನ ಮುಂದೆ ನಿಲ್ಲಿಸಿದರೆ, ತುಮಕೂರಾಗಲಿ ಕೋಲಾರವಾಗಲಿ, ಬಹಳ ಸಲ ಕೇಳಿಬರುವ ಮಾತು ಒಂದೇ: "ವಾಲ್ವ್ ತೆಗ್ದ್‌ಬಿಡಾಣ ಸಾರ್, ನಮ್ ಬಿಸ್ಲಿಗೆ ಅದ್ಯಾಕೆ?" ವಾಲ್ವ್ ಅಂದರೆ ಇಲ್ಲಿ ಥರ್ಮೋಸ್ಟಾಟ್, ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಬಾಗಿಲು. ಅದು ಚಳಿದೇಶದ ಗಾಡಿಗಳಿಗೆ ಮಾಡಿದ್ದು, ನಮಗೆ ಬೇಡ ಎಂಬ ನಂಬಿಕೆ ಕಾರ್ಬುರೇಟರ್ ಕಾಲದಿಂದ ಹಾಗೇ ಉಳಿದುಬಂದಿದೆ. ಇನ್ನೊಂದು ಕಡೆ, ಸ್ಕ್ಯಾನರಿನಲ್ಲಿ ಪಿ0128 ಎಂಬ ಕೋಡ್ (ಎಂಜಿನ್ ಬೇಕಾದಷ್ಟು ಬಿಸಿಯಾಗುತ್ತಿಲ್ಲ ಎಂಬ ಸೂಚನೆ) ಕಂಡ ಕೂಡಲೇ ಬೇರೇನೂ ನೋಡದೆ ಹೊಸ ಥರ್ಮೋಸ್ಟಾಟ್ ಕೂರಿಸುವವರೂ ಇದ್ದಾರೆ. ಒಬ್ಬರು ಬೇಕಾದ್ದನ್ನು ಕೀಳುತ್ತಾರೆ, ಇನ್ನೊಬ್ಬರು ಬೇಡದ್ದನ್ನು ಕೊಳ್ಳುತ್ತಾರೆ. ಇಬ್ಬರೂ ಬಿಡುವುದು ಒಂದೇ ಕೆಲಸ, ಪರೀಕ್ಷೆ. ಅದಕ್ಕೆ ಬೇಕಾಗುವುದು ಅರ್ಧ ಗಂಟೆ, ಒಂದು ಹಳೇ ಡಬ್ಬ, ಒಂದು ಥರ್ಮಾಮೀಟರ್.

ಅದರೊಳಗೆ ಏನಿದೆ

ಥರ್ಮೋಸ್ಟಾಟಿನ ನಡುವೆ ಹೆಬ್ಬೆರಳಿನ ತುದಿಯಷ್ಟು ದಪ್ಪದ ಒಂದು ಹಿತ್ತಾಳೆ ಅಥವಾ ತಾಮ್ರದ ಬುಡ್ಡಿ ಇರುತ್ತದೆ. ಅದರೊಳಗೆ ಮೇಣ ತುಂಬಿದೆ. ಎಂಜಿನ್ನಿನ ನೀರು ಬಿಸಿಯಾದಂತೆ ಮೇಣ ಕರಗಿ ಹಿಗ್ಗುತ್ತದೆ, ಒಂದು ಸಣ್ಣ ಕಡ್ಡಿಯನ್ನು ಹೊರಕ್ಕೆ ತಳ್ಳುತ್ತದೆ, ಸ್ಪ್ರಿಂಗಿನ ವಿರುದ್ಧ ಬಾಗಿಲು ತೆರೆಯುತ್ತದೆ. ನೀರು ತಣ್ಣಗಾದರೆ ಮೇಣ ಕುಗ್ಗುತ್ತದೆ, ಸ್ಪ್ರಿಂಗ್ ಬಾಗಿಲು ಮುಚ್ಚುತ್ತದೆ. ಮಾಮೂಲಿ ಥರ್ಮೋಸ್ಟಾಟಿನಲ್ಲಿ ಕರೆಂಟೂ ಇಲ್ಲ, ವೈರೂ ಇಲ್ಲ.

ಅಂಚಿನ ಮೇಲೆ 82 ಅಥವಾ 88 ಎಂದು ಅಚ್ಚೊತ್ತಿರುತ್ತದೆ. ಅದು ಬಾಗಿಲು ತೆರೆಯಲು ಶುರುವಾಗುವ ಉಷ್ಣತೆ, ಪೂರ್ತಿ ತೆರೆಯುವ ಉಷ್ಣತೆಯಲ್ಲ. ಪೂರ್ತಿ ತೆರೆಯಲು ಇನ್ನೂ 12–13 ಡಿಗ್ರಿ ಬೇಕು. ಅಂದರೆ 82ರದ್ದು 95ರ ಸುಮಾರಿಗೆ, 88ರದ್ದು 100ರ ಸುಮಾರಿಗೆ ಪೂರ್ತಿ ತೆರೆಯುತ್ತದೆ. ಈ ವ್ಯತ್ಯಾಸವನ್ನು ನೆನಪಿಡಿ, ನಮ್ಮ ಎತ್ತರದ ಊರುಗಳಲ್ಲಿ ಇದು ಮುಂದೆ ಎರಡು ಸಲ ಲೆಕ್ಕಕ್ಕೆ ಬರುತ್ತದೆ.

ಕೆಡುವುದು ಎರಡು ಬಗೆ. ಬುಡ್ಡಿ ಬಿರುಕುಬಿಟ್ಟು ಮೇಣ ಸೋರಿದರೆ ತಳ್ಳುವ ಶಕ್ತಿಯೇ ಇಲ್ಲ, ಬಾಗಿಲು ಮುಚ್ಚಿಯೇ ಇರುತ್ತದೆ, ಎಂಜಿನ್ ಕುದಿಯುತ್ತದೆ. ಸ್ಪ್ರಿಂಗ್ ಮುರಿದರೆ, ಕಡ್ಡಿ ಸಿಕ್ಕಿಹಾಕಿಕೊಂಡರೆ ಅಥವಾ ಬಾಗಿಲ ಸಂದಿಗೆ ತುಕ್ಕಿನ ಚೂರೋ ಸುಣ್ಣದ ಹಕ್ಕಳೆಯೋ ಹಳೇ ಸಿಲಿಕೋನ್ ಪೇಸ್ಟಿನ ತುಣುಕೋ ಸಿಕ್ಕಿದರೆ ಬಾಗಿಲು ತೆರೆದೇ ಉಳಿಯುತ್ತದೆ, ಎಂಜಿನ್ ಬಿಸಿಯೇ ಏರುವುದಿಲ್ಲ.

ತೆರೆದೇ ಉಳಿದರೆ ಕಾಣುವುದು

ಈ ದೋಷವನ್ನು ಏಪ್ರಿಲ್ ತಿಂಗಳಲ್ಲಿ ಹುಡುಕಬೇಡಿ. ಡಿಸೆಂಬರ್, ಜನವರಿಯ ಬೆಳಗ್ಗೆ ಚಿಕ್ಕಬಳ್ಳಾಪುರದ ಕಡೆ ಮಂಜು ಕವಿದಿರುವಾಗ ಅದು ತಾನೇ ಮುಖ ತೋರಿಸುತ್ತದೆ. ತುಮಕೂರಿನ ಬಿ.ಎಚ್. ರಸ್ತೆಯಿಂದ ಹೊರಟ ಸಣ್ಣ ಪೆಟ್ರೋಲ್ ಕಾರು ಕ್ಯಾತ್ಸಂದ್ರ ತಲುಪುವಷ್ಟರಲ್ಲಿ, ಅಂದರೆ ಐದಾರು ಕಿಲೋಮೀಟರಿನಲ್ಲಿ, ಟೆಂಪರೇಚರ್ ಮುಳ್ಳು ನಡುವಿಗೆ ಬಂದಿರಬೇಕು. ತಟ್ಟೆ ಇಡ್ಲಿಗೆ ನಿಲ್ಲಿಸುವ ಹೊತ್ತಿಗೂ ಮುಳ್ಳು ಕೆಳಗೇ ಇದ್ದರೆ ಅನುಮಾನಪಡಿ. ಇನ್ನೂ ಖಚಿತ ಗುರುತು ಒಂದಿದೆ: ಊರೊಳಗಿನ ಟ್ರಾಫಿಕ್ಕಿನಲ್ಲಿ ಮುಳ್ಳು ನಿಧಾನವಾಗಿ ಮೇಲೇರುತ್ತದೆ, ಶಿರಾ ಹೆದ್ದಾರಿ ಹಿಡಿದು 80ರಲ್ಲಿ ಓಡಿಸಿದ ಕೂಡಲೇ ಇಳಿಯುತ್ತದೆ. ಗಾಳಿ ಬಡಿದಷ್ಟೂ ಎಂಜಿನ್ ತಣ್ಣಗಾಗುತ್ತಿದೆ ಎಂದರೆ ನೀರು ತಡೆಯಿಲ್ಲದೆ ರೇಡಿಯೇಟರಿಗೆ ಹೋಗುತ್ತಿದೆ ಎಂದೇ ಅರ್ಥ.

ಈಚಿನ ಹಲವು ಸಣ್ಣ ಕಾರುಗಳಲ್ಲಿ ಮುಳ್ಳೇ ಇಲ್ಲ, ಎಂಜಿನ್ ತಣ್ಣಗಿದೆ ಎನ್ನುವ ನೀಲಿ ದೀಪ ಮಾತ್ರ ಇರುತ್ತದೆ. ಅದು ಆರುವುದಕ್ಕೆ ಹಿಂದಿಗಿಂತ ಬಹಳ ಹೊತ್ತು ಹಿಡಿದರೆ ಅಥವಾ ಇಳಿಜಾರಿನಲ್ಲಿ ಮತ್ತೆ ಹೊತ್ತಿಕೊಂಡರೆ ಅದೇ ಗುರುತು.

"ತಣ್ಣಗಿದ್ದರೆ ಒಳ್ಳೆಯದೇ ಅಲ್ಲವೇ?" ಅಲ್ಲ. ಎಂಜಿನ್ ಇನ್ನೂ ಬೆಚ್ಚಗಾಗಿಲ್ಲ ಎಂದು ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಪೆಟ್ರೋಲನ್ನು ಹೆಚ್ಚು ಸುರಿಯುತ್ತಲೇ ಇರುತ್ತದೆ. ಮೈಲೇಜ್ ಇಳಿಯುತ್ತದೆ. ಉರಿಯದ ಪೆಟ್ರೋಲ್ ಮತ್ತು ನೀರಾವಿ ಆಯಿಲ್‌ಗೆ ಸೇರುತ್ತವೆ, ಅವು ಆರಿಹೋಗುವಷ್ಟು ಆಯಿಲ್ ಬಿಸಿಯಾಗುವುದೇ ಇಲ್ಲ. ಆಯಿಲ್ ಹಾಕುವ ಮುಚ್ಚಳದ ಒಳಗೆ ಕಾಫಿ ನೊರೆಯಂಥದ್ದು ಕಟ್ಟುತ್ತದೆ. ಎಲ್‌ಪಿಜಿ ಅಥವಾ ಸಿಎನ್‌ಜಿ ಕಿಟ್ ಇರುವ ಗಾಡಿಯಲ್ಲಿ ಪಾಡು ಇನ್ನೂ ಕಷ್ಟ. ಗ್ಯಾಸಿನ ಒತ್ತಡ ಇಳಿಸುವ ರೆಡ್ಯೂಸರ್ ಬೆಚ್ಚಗಿರುವುದೇ ಎಂಜಿನ್ನಿನ ಬಿಸಿನೀರಿನಿಂದ. ಅದು ಸಿಗದಿದ್ದರೆ ರೆಡ್ಯೂಸರ್ ಮೇಲೆ ಮಂಜು ಕಟ್ಟುತ್ತದೆ, ಗಾಡಿ ಜಗ್ಗಿ ಜಗ್ಗಿ ಓಡುತ್ತದೆ. ವಾಲ್ವ್ ಕಿತ್ತ ಟ್ಯಾಕ್ಸಿಗಳಲ್ಲಿ "ಗ್ಯಾಸ್ ಕಿಟ್ ಕೆಟ್ಟಿದೆ" ಎಂದು ಕಿಟ್ಟನ್ನೇ ಬಿಚ್ಚುವುದುಂಟು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಹೀಟಾಗುತ್ತಿದ್ದರೆ, ಮೊದಲು ಉಳಿದವರನ್ನು ವಿಚಾರಿಸಿ

ಎಂಜಿನ್ ಕುದಿಯುವುದಕ್ಕೆ ಥರ್ಮೋಸ್ಟಾಟ್ ಒಂದು ಕಾರಣ ಮಾತ್ರ. ಅದನ್ನು ಬಿಚ್ಚುವ ಮೊದಲು ಎಂಜಿನ್ ತಣ್ಣಗಿರುವಾಗ ಕೂಲೆಂಟ್ (ಎಂಜಿನ್ ತಣಿಸುವ ನೀರು) ಮಟ್ಟ ನೋಡಿ. ರಿಸರ್ವ್ ಬಾಟಲಿಯಲ್ಲಿ ಮಾತ್ರ ನೋಡಿದರೆ ಸಾಲದು, ಕ್ಯಾಪ್ ಇರುವ ರೇಡಿಯೇಟರ್ ಆದರೆ ಕ್ಯಾಪ್ ತೆಗೆದು ಒಳಗೂ ನೋಡಬೇಕು. ಬಾಟಲಿ ತುಂಬಿದ್ದು ರೇಡಿಯೇಟರ್ ಬರಿದಾಗಿದ್ದರೆ ತಪ್ಪು ಹೆಚ್ಚಾಗಿ ಕ್ಯಾಪಿನದು. ತಣಿಯುವಾಗ ಬಾಟಲಿಯಿಂದ ನೀರನ್ನು ವಾಪಸು ಎಳೆದುಕೊಳ್ಳಬೇಕಾದ ಅದರ ಒಳಗಿನ ಸಣ್ಣ ವಾಲ್ವ್ ಅಂಟಿಕೊಂಡಿದೆ.

ಕ್ಯಾಪ್ ಬಗ್ಗೆ ನಮ್ಮಲ್ಲಿ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಆದರೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಪಟ್ಟಣಗಳು ಸಮುದ್ರ ಮಟ್ಟಕ್ಕಿಂತ ಸುಮಾರು 800–900 ಮೀಟರ್ ಎತ್ತರದಲ್ಲಿವೆ. ಇಲ್ಲಿ ತೆರೆದ ಪಾತ್ರೆಯಲ್ಲಿ ನೀರು 100ಕ್ಕೆ ಅಲ್ಲ, 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. 0.9 ಬಾರ್ ಒತ್ತಡ ಹಿಡಿಯುವ ಸರಿಯಾದ ಕ್ಯಾಪ್ ಇದ್ದರೆ ಬರೀ ನೀರೂ ಸುಮಾರು 117ರವರೆಗೆ ಕುದಿಯದೆ ತಡೆಯುತ್ತದೆ. ಕ್ಯಾಪಿನ ರಬ್ಬರ್ ಸೀಳಿದ್ದರೆ ಆ ಇಪ್ಪತ್ತು ಡಿಗ್ರಿ ಹೋಯಿತು. ಈಗ ಲೆಕ್ಕ ಹಾಕಿ: 88ರ ಥರ್ಮೋಸ್ಟಾಟ್ ಪೂರ್ತಿ ತೆರೆಯುವುದು 100ಕ್ಕೆ, ಒತ್ತಡವಿಲ್ಲದ ನೀರು ಕುದಿಯುವುದು 97ಕ್ಕೆ. ಬಾಗಿಲು ಪೂರ್ತಿ ತೆರೆಯುವ ಮೊದಲೇ ನೀರು ಕುದಿದು ಆವಿಯಾಗುತ್ತದೆ. ಥರ್ಮೋಸ್ಟಾಟ್ ಸರಿಯಾಗಿಯೇ ಇದೆ, ಬೈಗುಳ ಅದಕ್ಕೆ. ಹೊಸ ಕ್ಯಾಪ್ ಕೊಳ್ಳುವಾಗ ಹಳೆಯದರ ಮೇಲೆ 0.9 ಅಂತಿದೆಯೋ 1.1 ಅಂತಿದೆಯೋ ನೋಡಿ ಅದೇ ತನ್ನಿ.

ಯಾವಾಗ ಹೀಟಾಗುತ್ತದೆ ಎಂಬುದೂ ದಾರಿ ತೋರಿಸುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಏರಿ, ಓಡತೊಡಗಿದ ಮೇಲೆ ಇಳಿದರೆ ಫ್ಯಾನ್ ನೋಡಿ. ನಂದಿ ಬೆಟ್ಟದ ತಿರುವುಗಳಲ್ಲಿ ಎರಡನೇ ಗೇರಿನಲ್ಲಿ ಹತ್ತುವಾಗ ಮಾತ್ರ ಏರಿದರೂ ಮೊದಲ ಅನುಮಾನ ಫ್ಯಾನಿನ ಮೇಲೆ ಮತ್ತು ರೇಡಿಯೇಟರಿನ ಹೊರಮೈಯ ಧೂಳಿನ ಮೇಲೆ. ಹೆದ್ದಾರಿಯಲ್ಲಿ, ಅದರಲ್ಲೂ ಟೊಮೆಟೊ ಕ್ರೇಟ್ ತುಂಬಿದ ಪಿಕಪ್ ಮುಳಬಾಗಿಲು ದಾಟಿ ನಂಗಲಿ ಕಡೆ ಹೋಗುವಾಗ ಏರಿದರೆ ನೀರಿನ ಹರಿವು ಸಾಲುತ್ತಿಲ್ಲ: ರೇಡಿಯೇಟರ್ ಒಳಗೆ ಕಟ್ಟಿಕೊಂಡಿದೆ, ವಾಟರ್ ಪಂಪಿನ ಎಲೆ ಸವೆದಿದೆ ಅಥವಾ ಥರ್ಮೋಸ್ಟಾಟ್ ಅರ್ಧಕ್ಕೆ ನಿಂತಿದೆ. ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಮಾಡಿ ಎಂಟು ಹತ್ತು ನಿಮಿಷಕ್ಕೇ ಮುಳ್ಳು ನಿಲ್ಲದೆ ಕೆಂಪಿಗೆ ಓಡಿದರೆ, ಆಗ ಥರ್ಮೋಸ್ಟಾಟ್ ಮುಚ್ಚಿಯೇ ಉಳಿದಿದೆ ಎಂಬ ಅನುಮಾನಕ್ಕೆ ಬಲ ಬರುತ್ತದೆ.

ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲಿ, ಎಂಜಿನ್ ಇನ್ನೂ ತಣ್ಣಗಿರುವಾಗಲೇ, ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೆ, ರೇಡಿಯೇಟರ್ ಬಾಯಲ್ಲಿ ಗುಳ್ಳೆ ನಿಲ್ಲದೆ ಬರುತ್ತಿದ್ದರೆ, ಸೈಲೆನ್ಸರಿನಿಂದ ಬಿಳಿ ಹೊಗೆ ನಿಲ್ಲದಿದ್ದರೆ ಅದು ಹೆಡ್ ಗ್ಯಾಸ್ಕೆಟ್, ಎಂಜಿನ್ನಿನ ಹೆಡ್ ಮತ್ತು ಬ್ಲಾಕಿನ ನಡುವಿನ ಪ್ಯಾಕಿಂಗ್, ಹೋಗಿರುವುದು. ಥರ್ಮೋಸ್ಟಾಟಿಗೆ ಖರ್ಚು ಮಾಡಬೇಡಿ.

ಹೀಟರ್ ಇರುವ ಗಾಡಿಯಲ್ಲಿ ಸುಲಭದ ಇನ್ನೊಂದು ಪರೀಕ್ಷೆ ಇದೆ. ನಮ್ಮಲ್ಲಿ ವರ್ಷಕ್ಕೊಮ್ಮೆಯೂ ತಿರುಗಿಸದ ಆ ಕೆಂಪು ಗುಬ್ಬಿಯನ್ನು ಪೂರ್ತಿ ತಿರುಗಿಸಿ. ಬಹುತೇಕ ಎಂಜಿನ್ನುಗಳಲ್ಲಿ ಹೀಟರಿನ ದಾರಿ ಥರ್ಮೋಸ್ಟಾಟನ್ನು ದಾಟದೆಯೇ ಸುತ್ತುತ್ತದೆ. ಎಂಜಿನ್ ಹೀಟಾಗಿದೆ, ಹೀಟರೂ ಬೆಂಕಿಯಂತೆ ಊದುತ್ತಿದೆ ಎಂದರೆ ಪಂಪ್ ನೀರು ತಳ್ಳುತ್ತಿದೆ, ತಡೆ ಇರುವುದು ಥರ್ಮೋಸ್ಟಾಟ್ ಅಥವಾ ರೇಡಿಯೇಟರಿನಲ್ಲಿ. ಎಂಜಿನ್ ಹೀಟಾಗಿದ್ದರೂ ಹೀಟರ್ ತಣ್ಣಗೆ ಊದಿದರೆ ನೀರು ಕಡಿಮೆಯಿದೆ, ಒಳಗೆ ಗಾಳಿ ಸೇರಿದೆ ಅಥವಾ ಪಂಪ್ ಸತ್ತಿದೆ.

ಹೋಸ್ ಮುಟ್ಟಿ ನೋಡುವುದು, ಆದರೆ ಯಾವ ಹೋಸ್?

"ಮೇಲಿನ ಹೋಸ್ ಬಿಸಿ, ಕೆಳಗಿನದು ತಣ್ಣಗೆ ಇದ್ದರೆ ಥರ್ಮೋಸ್ಟಾಟ್ ಹೋಗಿದೆ" ಎಂಬ ಮಾತು ಎಲ್ಲ ಕಡೆ ಓಡಾಡುತ್ತಿದೆ. ಅದು ಅರ್ಧ ಸತ್ಯ. ಮೊದಲು ಥರ್ಮೋಸ್ಟಾಟ್ ಯಾವ ಬದಿಯಲ್ಲಿದೆ ಎಂದು ಕಂಡುಕೊಳ್ಳಬೇಕು. ರೇಡಿಯೇಟರಿನಿಂದ ಹೋಸ್ ಹಿಡಿದು ಎಂಜಿನ್ ಕಡೆ ಹೋಗಿ. ಎರಡು ಮೂರು ಬೋಲ್ಟ್ ಹಾಕಿ ಕೂರಿಸಿದ ಸೊಟ್ಟ ಮೂತಿಯ ಮುಚ್ಚಳ ಸಿಗುತ್ತದೆ, ಅದೇ ಥರ್ಮೋಸ್ಟಾಟ್ ಹೌಸಿಂಗ್. ಅದಕ್ಕೆ ಬಂದು ಸೇರಿರುವುದು ಮೇಲಿನ ಹೋಸೋ ಕೆಳಗಿನದೋ ನೋಡಿ.

ಮೇಲಿನ ಹೋಸ್ ಸೇರಿದ್ದರೆ ಥರ್ಮೋಸ್ಟಾಟ್ ಎಂಜಿನ್ನಿನಿಂದ ನೀರು ಹೊರಬರುವ ಬಾಗಿಲಲ್ಲಿದೆ. ಆಗ ತಣ್ಣನೆಯ ಸ್ಟಾರ್ಟಿನ ನಂತರ ಮೇಲಿನ ಹೋಸ್ ಬಹಳ ಹೊತ್ತು ಉಗುರುಬೆಚ್ಚಗೇ ಇದ್ದು, ಮುಳ್ಳು ನಡುವಿಗೆ ಬಂದಾಗ ಒಮ್ಮೆಲೇ ಕೈ ಸುಡುವಷ್ಟು ಬಿಸಿಯಾಗಬೇಕು. ಮುಳ್ಳು ಕೆಂಪಿಗೆ ಹೋದರೂ ಆ ಹೋಸ್ ಅಷ್ಟೇನೂ ಬಿಸಿಯಾಗದಿದ್ದರೆ ಬಾಗಿಲು ಮುಚ್ಚಿದೆ. ಸ್ಟಾರ್ಟ್ ಮಾಡಿದ ಎರಡು ಮೂರು ನಿಮಿಷದಿಂದಲೇ ಎಂಜಿನ್ ಜೊತೆಜೊತೆಗೆ ಬೆಚ್ಚಗಾಗುತ್ತಾ ಬಂದರೆ ಬಾಗಿಲು ತೆರೆದೇ ಇದೆ.

ಕೆಳಗಿನ ಹೋಸ್ ಸೇರಿದ್ದರೆ ಥರ್ಮೋಸ್ಟಾಟ್ ನೀರು ಒಳಹೋಗುವ ಬದಿಯಲ್ಲಿದೆ. ಇಲ್ಲಿ ಮೇಲಿನ ಹೋಸಿಗೆ ಎಂಜಿನ್ನಿನ ನೇರ ಸಂಪರ್ಕ ಇರುವುದರಿಂದ ಬಾಗಿಲು ಮುಚ್ಚಿದ್ದರೂ ಅದು ಬೇಗ ಬಿಸಿಯಾಗುತ್ತದೆ. ಅದನ್ನು ನೋಡಿ "ತೆರೆದೇ ಇದೆ" ಎನ್ನಬೇಡಿ. ಇಲ್ಲಿ ಸಾಕ್ಷಿ ಹೇಳುವುದು ಕೆಳಗಿನ ಹೋಸ್: ಎಂಜಿನ್ ಕುದಿಯುತ್ತಿದ್ದರೂ ಅದು ತಣ್ಣಗೇ ಇದ್ದರೆ ಬಾಗಿಲು ಮುಚ್ಚಿದೆ ಅಥವಾ ರೇಡಿಯೇಟರ್ ಪೂರ್ತಿ ಕಟ್ಟಿದೆ.

ಫ್ಯಾನ್ ಕೂಡ ಇಲ್ಲಿ ದಾರಿ ತಪ್ಪಿಸುತ್ತದೆ. ಹಳೆಯ ಕೆಲವು ಗಾಡಿಗಳಲ್ಲಿ ಫ್ಯಾನ್ ಸ್ವಿಚ್ ರೇಡಿಯೇಟರಿನಲ್ಲೇ ಇರುತ್ತದೆ. ಬಿಸಿನೀರು ಅಲ್ಲಿಗೆ ಬಾರದಿದ್ದರೆ ಎಂಜಿನ್ ಕುದಿಯುತ್ತಿದ್ದರೂ ಫ್ಯಾನ್ ತಿರುಗದು, ಜನ ಫ್ಯಾನ್ ಮೋಟರ್ ಬದಲಿಸುತ್ತಾರೆ. ಇಸಿಯು ನಡೆಸುವ ಫ್ಯಾನಾದರೆ ಜೋರಾಗಿ ತಿರುಗುತ್ತಲೇ ಇರುತ್ತದೆ, ಆದರೆ ಹಿಂದೆ ಬರುವ ಗಾಳಿ ತಣ್ಣಗಿರುತ್ತದೆ. ಕುದಿಯುವ ಎಂಜಿನ್, ತಣ್ಣನೆಯ ರೇಡಿಯೇಟರ್, ಓಡುವ ಫ್ಯಾನ್: ಮೂರೂ ಒಟ್ಟಿಗೆ ಕಂಡರೆ ಥರ್ಮೋಸ್ಟಾಟ್ ಬಿಚ್ಚಿ ನೋಡಲು ಸಾಕಷ್ಟು ಕಾರಣವಾಯಿತು.

ಫ್ಯಾನ್ ಯಾವ ಕ್ಷಣದಲ್ಲಾದರೂ ತಿರುಗಬಹುದು, ಆದ್ದರಿಂದ ಶಾಲು, ಸೆರಗು, ತೋಳಿನ ಗುಂಡಿ ದೂರವಿರಲಿ. ಕೈಯ ಬದಲು ಇನ್‌ಫ್ರಾರೆಡ್ ಥರ್ಮಾಮೀಟರ್ ಬಳಸಿದರೆ ಉತ್ತಮ. ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯಲು ತಂದದ್ದು ನಡೆಯದು, ಅದು ಮೈಬಿಸಿಗೆ ಮಾತ್ರ. ಹಾರ್ಡ್‌ವೇರ್ ಅಂಗಡಿಯದೇ ಬೇಕು. ಹೊಳೆಯುವ ಅಲ್ಯುಮಿನಿಯಂ ಮೇಲೆ ಅದು ತಪ್ಪು ಅಂಕಿ ತೋರಿಸುತ್ತದೆ. ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ ಅದರ ಮೇಲೆ ಹಿಡಿಯಿರಿ.

ಓಬಿಡಿ ಡಾಂಗಲ್ ಇದ್ದರೆ

ಬಿಎಸ್-4, ಬಿಎಸ್-6 ಗಾಡಿಗಳಲ್ಲಿ ಓಬಿಡಿ ಎಂಬ ದೋಷಪತ್ತೆ ಸಾಕೆಟ್ಟಿಗೆ ಬ್ಲೂಟೂತ್ ಡಾಂಗಲ್ ಚುಚ್ಚಿ ಫೋನಿನಲ್ಲಿ ಕೂಲೆಂಟ್ ಉಷ್ಣತೆ ಓದಬಹುದು. ಮುಳ್ಳಿಗಿಂತ ಇದನ್ನೇ ನಂಬಿ. ಈಗಿನ ಮುಳ್ಳುಗಳು ಉಷ್ಣತೆ ಹತ್ತಾರು ಡಿಗ್ರಿ ಅತ್ತಿತ್ತ ಆದರೂ ನಡುವಿನಲ್ಲೇ ನಿಲ್ಲುವಂತೆ ಮಾಡಿಟ್ಟಿರುತ್ತಾರೆ.

ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲು ಇಗ್ನಿಷನ್ ಮಾತ್ರ ಆನ್ ಮಾಡಿ ನೋಡಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಕೂಲೆಂಟ್ ಉಷ್ಣತೆ ಮತ್ತು ಒಳಹೋಗುವ ಗಾಳಿಯ ಉಷ್ಣತೆ ಹೆಚ್ಚು ಕಡಿಮೆ ಒಂದೇ ಇರಬೇಕು. ಗಾಳಿ 19 ಎಂದೂ ಕೂಲೆಂಟ್ 40 ಎಂದೂ ತೋರಿಸಿದರೆ ಸೆನ್ಸರ್ ಸುಳ್ಳು ಹೇಳುತ್ತಿದೆ, ಮೊದಲು ಅದನ್ನು ನೋಡಿ. ಆಮೇಲೆ ಓಡಿಸಿ. ಆರೋಗ್ಯವಂತ ಎಂಜಿನ್ನಿನಲ್ಲಿ ಅಂಕಿ ಏರುತ್ತಾ ಹೋಗಿ ಥರ್ಮೋಸ್ಟಾಟ್ ತೆರೆಯುವಲ್ಲಿ ಒಂದೆರಡು ಡಿಗ್ರಿ ತಗ್ಗಿ, ಮತ್ತೆ ಏರಿ, ಕೆಲವೇ ಡಿಗ್ರಿಗಳ ನಡುವೆ ನೆಲೆಸುತ್ತದೆ. ಹೆದ್ದಾರಿಯಲ್ಲಿ 65–70ರಲ್ಲೇ ನಿಂತರೆ ತೆರೆದು ಉಳಿದಿದೆ. ಪಿ0128 ಬರುವುದೂ ಈ ಲೆಕ್ಕದಿಂದಲೇ: ಇಷ್ಟು ಹೊತ್ತು ಓಡಿದರೂ ಥರ್ಮೋಸ್ಟಾಟ್ ಕಾಯ್ದುಕೊಳ್ಳಬೇಕಾದ ಬಿಸಿ ಬಂದಿಲ್ಲ ಎಂದು ಇಸಿಯು ಹೇಳುತ್ತಿದೆ. ಕೂಲೆಂಟ್ ಕಡಿಮೆಯಿದ್ದರೂ ಫ್ಯಾನ್ ಸದಾ ಓಡುತ್ತಿದ್ದರೂ ಇದೇ ಕೋಡ್ ಬರಬಹುದು. ಪಿ0117, ಪಿ0118 ಬಂದರೆ ಸೆನ್ಸರ್ ಅಥವಾ ಅದರ ವೈರ್.

ಡಬ್ಬದಲ್ಲಿ ಕುದಿಸಿ ನೋಡುವುದು

ಬಿಚ್ಚಿ ತೆಗೆದದ್ದನ್ನು ಮೊದಲು ಬೆಳಕಿಗೆ ಹಿಡಿಯಿರಿ. ತಣ್ಣಗಿರುವಾಗ ಬಾಗಿಲ ಸುತ್ತ ಬೆಳಕು ಕಂಡರೆ ಅದು ತೆರೆದೇ ಉಳಿದದ್ದು, ಮುಂದಿನ ಪರೀಕ್ಷೆಯೇ ಬೇಡ. ಅಂಚಿನಲ್ಲಿ ಸಾಸಿವೆ ಗಾತ್ರದ ಒಂದು ತೂತು, ಅದರಲ್ಲಿ ಅಲ್ಲಾಡುವ ಪಿನ್ ಇದ್ದರೆ ಅದು ದೋಷವಲ್ಲ, ಗಾಳಿ ಹೋಗಲೆಂದೇ ಮಾಡಿದ್ದು.

ಬಾಗಿಲ ಸಂದಿಗೆ ದಾರ ಸಿಕ್ಕಿಸಿ ಥರ್ಮೋಸ್ಟಾಟ್ ದಾರದಲ್ಲೇ ನೇತಾಡುವಂತೆ ಹಳೇ ಡಬ್ಬದ ನೀರಿನಲ್ಲಿ ಇಳಿಬಿಡಿ. ತಳಕ್ಕೆ ತಾಗಬಾರದು, ತಳದ ಬಿಸಿ ನೀರಿನ ಬಿಸಿಗಿಂತ ಹೆಚ್ಚಿರುತ್ತದೆ. ಥರ್ಮಾಮೀಟರೂ ಹಾಗೆಯೇ ನೇತಾಡಲಿ. ಉರಿ ಸಣ್ಣಗಿರಲಿ, ನೀರು ಕಲಕುತ್ತಿರಿ. ಮೇಣ ಕರಗಲು ಹೊತ್ತು ಬೇಕು, ಅವಸರ ಮಾಡಿದರೆ ಅಂಕಿ ಸುಳ್ಳಾಗುತ್ತದೆ. ಬಾಗಿಲು ತೆರೆದ ಕ್ಷಣ ದಾರ ಜಾರಿ ಥರ್ಮೋಸ್ಟಾಟ್ ತಳಕ್ಕೆ ಬೀಳುತ್ತದೆ. ಆಗಿನ ಉಷ್ಣತೆ ಅಂಚಿನ ಮೇಲಿನ ಅಂಕಿಗಿಂತ ಎರಡು ಡಿಗ್ರಿ ಅತ್ತಿತ್ತ ಇರಬಹುದು. ಐದು ಡಿಗ್ರಿ ತಪ್ಪಿದರೆ ಅದನ್ನು ವಾಪಸು ಹಾಕಬೇಡಿ.

ಪೂರ್ತಿ ತೆರೆಯುತ್ತದೆಯೋ ಎಂಬುದು ಎರಡನೇ ಪ್ರಶ್ನೆ, ಇಲ್ಲೇ ನಮ್ಮೂರ ಎತ್ತರ ಮತ್ತೆ ಲೆಕ್ಕಕ್ಕೆ ಬರುತ್ತದೆ. ಪೂರ್ತಿ ತೆರೆದಾಗ ಬಾಗಿಲು ಸಾಮಾನ್ಯವಾಗಿ 8 ಮಿಲಿಮೀಟರ್ ಆಸುಪಾಸು ಮೇಲೇಳಬೇಕು. 82ರದ್ದನ್ನು ಬರೀ ನೀರಿನಲ್ಲೇ ಪರೀಕ್ಷಿಸಬಹುದು. 88ರದ್ದನ್ನು ಚಿಕ್ಕಬಳ್ಳಾಪುರದ ಅಡುಗೆಮನೆಯಲ್ಲಿ ಎಷ್ಟು ಕುದಿಸಿದರೂ 97 ದಾಟದು, ಬಾಗಿಲು ಆರೇಳು ಮಿಲಿಮೀಟರಿಗೇ ನಿಲ್ಲುತ್ತದೆ, ಒಳ್ಳೆಯ ಥರ್ಮೋಸ್ಟಾಟ್ ಕಸಕ್ಕೆ ಹೋಗುತ್ತದೆ. ಥರ್ಮಾಮೀಟರ್ ಕೆಟ್ಟಿದೆ ಎಂದೂ ಕೆಲವರಿಗೆ ಅನಿಸುತ್ತದೆ. ಇದಕ್ಕೆ ಉಪಾಯ, ನೀರಿಗೆ ಸಮಪ್ರಮಾಣದಲ್ಲಿ ಕೂಲೆಂಟ್ ಸಾಂದ್ರಣ ಬೆರೆಸುವುದು. ಅರ್ಧಕ್ಕರ್ಧ ಗ್ಲೈಕಾಲ್ (ಸಾಂದ್ರಣದ ಮುಖ್ಯ ಅಂಶ) ಇದ್ದರೆ ಇಲ್ಲೂ 100 ದಾಟಿದ ಮೇಲೆಯೇ ಕುದಿ ಬರುತ್ತದೆ. ಅದನ್ನು ಅಂಗಳದಲ್ಲಿ, ಬಿಸಾಡುವ ಡಬ್ಬದಲ್ಲಿ ಮಾತ್ರ ಮಾಡಿ. ಎಥಿಲೀನ್ ಗ್ಲೈಕಾಲ್ ವಿಷ. ಆ ಪಾತ್ರೆ ಮತ್ತೆ ಒಲೆ ಹತ್ತಬಾರದು.

ಕೊನೆಗೆ ತೆಗೆದು ತಣ್ಣಗಾಗಲು ಬಿಡಿ. ಬಾಗಿಲು ಪೂರ್ತಿ ಮುಚ್ಚಬೇಕು. ತೆರೆದದ್ದನ್ನಷ್ಟೇ ನೋಡಿ ಪಾಸು ಮಾಡುವವರು ಹೆಚ್ಚು, ಮುಚ್ಚುವುದನ್ನು ನೋಡುವವರು ಕಡಿಮೆ.

ಎಂಜಿನ್ ಒಮ್ಮೆ ಜೋರಾಗಿ ಕುದಿದಿದ್ದರೆ ಪರೀಕ್ಷೆಯಲ್ಲಿ ಪಾಸಾದರೂ ಥರ್ಮೋಸ್ಟಾಟ್ ಬದಲಿಸುವುದೇ ಮೇಲು. ಮಿತಿ ಮೀರಿ ಬಿಸಿಯಾದ ಮೇಣದ ಬುಡ್ಡಿಯನ್ನು ನಂಬಲಾಗದು.

ಯಾವುದನ್ನು ಕೊಳ್ಳಬೇಕು

ಕಂಪನಿ ಕೊಟ್ಟ ಅಂಕಿಯನ್ನೇ ಕೊಳ್ಳಿ. 88 ಇದ್ದಲ್ಲಿ "ಬಿಸಿಲು ಜಾಸ್ತಿ" ಎಂದು 76 ಅಥವಾ 82 ಹಾಕುವುದರಿಂದ ಹೀಟಾಗುವುದು ನಿಲ್ಲುವುದಿಲ್ಲ. ಥರ್ಮೋಸ್ಟಾಟ್ ನಿರ್ಧರಿಸುವುದು ಎಂಜಿನ್ ಎಷ್ಟಕ್ಕಿಂತ ಕೆಳಗೆ ಇಳಿಯಬಾರದು ಎಂಬುದನ್ನು. ಎಷ್ಟಕ್ಕಿಂತ ಮೇಲೇರಬಾರದು ಎಂಬುದು ರೇಡಿಯೇಟರ್, ಫ್ಯಾನ್, ಪಂಪಿನ ಕೈಯಲ್ಲಿದೆ. 105 ಡಿಗ್ರಿಗೆ ಎರಡೂ ಬಗೆಯವು ಪೂರ್ತಿ ತೆರೆದಿರುತ್ತವೆ, ಅಲ್ಲಿ 82ಕ್ಕೂ 88ಕ್ಕೂ ವ್ಯತ್ಯಾಸವಿಲ್ಲ.

ಅಂಕಿಯಷ್ಟೇ ಸಾಲದು. ಹಳೆಯದನ್ನು ಅಂಗಡಿಗೆ ಕೊಂಡೊಯ್ದು ಪಕ್ಕಪಕ್ಕ ಇಟ್ಟು ನೋಡಿ: ಅಂಚಿನ ಅಡ್ಡಳತೆ, ಒಟ್ಟು ಎತ್ತರ, ಗಾಳಿ ಪಿನ್ ಇದೆಯೋ ಇಲ್ಲವೋ. ಮುಖ್ಯವಾಗಿ ಕೆಳತುದಿಯಲ್ಲಿ ಎರಡನೇ ಸಣ್ಣ ತಟ್ಟೆ ಇದೆಯೇ ನೋಡಿ. ಅದು ಬೈಪಾಸ್ ಮುಚ್ಚುವ ತಟ್ಟೆ. ಎಂಜಿನ್ ತಣ್ಣಗಿರುವಾಗ ನೀರು ರೇಡಿಯೇಟರಿಗೆ ಹೋಗದೆ ಬೈಪಾಸ್ ದಾರಿಯಲ್ಲಿ ಒಳಗೇ ಸುತ್ತುತ್ತದೆ. ಮೇಲಿನ ಬಾಗಿಲು ತೆರೆದಂತೆ ಕೆಳಗಿನ ತಟ್ಟೆ ಆ ಒಳದಾರಿಯನ್ನು ಮುಚ್ಚುತ್ತಾ ಹೋಗುತ್ತದೆ. ಇಂಥ ಎಂಜಿನ್ನಿನಲ್ಲಿ ಥರ್ಮೋಸ್ಟಾಟ್ ಕಿತ್ತರೆ ಒಳದಾರಿ ಸದಾ ತೆರೆದಿರುತ್ತದೆ, ಬಿಸಿನೀರಿನಲ್ಲಿ ಒಂದು ಪಾಲು ರೇಡಿಯೇಟರನ್ನು ನೋಡದೆಯೇ ಎಂಜಿನ್ನಿಗೆ ಹಿಂದಿರುಗುತ್ತದೆ. ವಾಲ್ವ್ ತೆಗೆದ ಮೇಲೂ ಏರಿನಲ್ಲಿ ಹೀಟಾಗುವ ಗಾಡಿಗಳ ಗುಟ್ಟು ಇದು. "ನೀರು ಜೋರಾಗಿ ಹರಿದರೆ ರೇಡಿಯೇಟರಿನಲ್ಲಿ ಬಿಸಿ ಬಿಡಲು ಹೊತ್ತು ಸಿಗಲ್ಲ" ಎಂಬ ವಿವರಣೆ ಕೇಳಿಬರುತ್ತದಲ್ಲ, ಅದು ಸರಿಯಲ್ಲ. ಹರಿವು ಹೆಚ್ಚಿದರೆ ತಂಪೂ ಹೆಚ್ಚುತ್ತದೆ. ತೊಂದರೆ ಆಗುವುದು ಹರಿವು ತಪ್ಪು ದಾರಿ ಹಿಡಿದಾಗ.

ಈಚಿನ ಕೆಲವು ಎಂಜಿನ್ನುಗಳಲ್ಲಿ ಥರ್ಮೋಸ್ಟಾಟ್ ಪ್ಲಾಸ್ಟಿಕ್ ಹೌಸಿಂಗ್ ಸಮೇತವೇ ಬರುತ್ತದೆ, ಒಳಗಿನದ್ದು ಮಾತ್ರ ಸಿಗದು. ಎರಡು ವೈರಿನ ಕನೆಕ್ಟರ್ ಇದ್ದರೆ ಅದು ಇಸಿಯು ಬಿಸಿಮಾಡಿ ತೆರೆಸುವ ಬಗೆ. ಡಬ್ಬದ ಪರೀಕ್ಷೆ ಅದಕ್ಕೆ ಸಲ್ಲದು, ಬಿಸಿಮಾಡದಿದ್ದರೆ ಅದು ತೆರೆಯುವುದೇ ನೂರು ದಾಟಿದ ಮೇಲೆ. ಸಾದಾ ಥರ್ಮೋಸ್ಟಾಟ್ ಕೆಲವು ನೂರು ರೂಪಾಯಿಯ ಸಾಮಾನು. ನಿಮ್ಮೂರಲ್ಲಿ ಅಳತೆಯದ್ದು ಸಿಗದಿದ್ದರೆ "ಇದೇ ಅಡ್ಜಸ್ಟ್ ಆಗತ್ತೆ" ಎಂದದ್ದನ್ನು ತಾರದೆ ಬೆಂಗಳೂರಿನ ಜೆ.ಸಿ. ರಸ್ತೆಯಿಂದಲೋ ಕಂಪನಿ ಸ್ಪೇರ್ಸ್ ಕೌಂಟರಿನಿಂದಲೋ ತರಿಸಿ. ಜೊತೆಗೆ ಹೊಸ ರಬ್ಬರ್ ರಿಂಗ್ ಅಥವಾ ಪ್ಯಾಕಿಂಗ್ ಮರೆಯಬೇಡಿ.

ಬದಲಿಸುವುದು

ಎಂಜಿನ್ ಪೂರ್ತಿ ತಣ್ಣಗಿರಬೇಕು, ರಾತ್ರಿ ನಿಲ್ಲಿಸಿ ಬೆಳಗ್ಗೆ ಮಾಡಿದರೆ ಸರಿ. ಬಿಸಿ ಇರುವಾಗ ಕ್ಯಾಪ್ ತೆರೆದರೆ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಬ್ಯಾಟರಿ ನೆಗೆಟಿವ್ ಬಿಚ್ಚಿ. ರೇಡಿಯೇಟರ್ ಕೆಳಗೆ ಟಬ್ ಇಟ್ಟು ಕೂಲೆಂಟ್ ಇಳಿಸಿ. ಮೇಲಿನ ಹೋಸಿನ ಹೌಸಿಂಗ್ ಆದರೆ ಒಂದೂವರೆ ಎರಡು ಲೀಟರ್ ಇಳಿಸಿದರೆ ಸಾಕು, ಕೆಳಗಿನದಾದರೆ ಹೆಚ್ಚುಕಡಿಮೆ ಪೂರ್ತಿ. ಇಳಿಸಿದ್ದನ್ನು ಚರಂಡಿಗೋ ರಸ್ತೆ ಬದಿಗೋ ಚೆಲ್ಲಬೇಡಿ. ಅದು ಸಿಹಿಯಾಗಿರುತ್ತದೆ, ನಾಯಿ, ದನ ನೆಕ್ಕಿದರೆ ಸಾಯುತ್ತವೆ.

ಹೋಸ್ ಕ್ಲಿಪ್ ಸರಿಸಿ, ಹೋಸನ್ನು ಮೊದಲು ತಿರುಚಿ ಬಿಡಿಸಿಕೊಂಡು ಆಮೇಲೆ ಎಳೆಯಿರಿ. ಸ್ಕ್ರೂಡ್ರೈವರ್ ತುರುಕಿ ಮೀಟಿದರೆ ಅಲ್ಯುಮಿನಿಯಂ ಮೂತಿಗೆ ಗೀರು ಬಿದ್ದು ಅಲ್ಲಿಂದಲೇ ಸೋರುತ್ತದೆ. ಹೌಸಿಂಗ್ ಬೋಲ್ಟುಗಳು ಸಣ್ಣ ಕಾರುಗಳಲ್ಲಿ ಹೆಚ್ಚಾಗಿ 10 ನಂಬರ್ ತಲೆಯವು. ವರ್ಷಗಟ್ಟಲೆ ಬೋರ್ ನೀರು ಕುಡಿದ ಎಂಜಿನ್ನಿನಲ್ಲಿ ಇವು ಅಲ್ಯುಮಿನಿಯಂಗೆ ಅಂಟಿಕೊಂಡುಬಿಟ್ಟಿರುತ್ತವೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಕಾಲು ಸುತ್ತು ಬಿಚ್ಚಿ, ಸ್ವಲ್ಪ ವಾಪಸು ತಿರುಗಿಸಿ, ಮತ್ತೆ ಬಿಚ್ಚಿ, ಹೀಗೆ ಒಲಿಸಿಕೊಂಡು ತೆಗೆಯಿರಿ. ಬೋಲ್ಟ್ ಒಳಗೆ ಮುರಿದರೆ ಅರ್ಧ ಗಂಟೆಯ ಕೆಲಸ ಲೇತ್ ಅಂಗಡಿಯವರೆಗೆ ಹೋಗುತ್ತದೆ.

ತೆಗೆಯುವಾಗ ಹಳೆಯದು ಹೇಗೆ ಕೂತಿತ್ತೆಂದು ಫೋಟೋ ತೆಗೆದುಕೊಳ್ಳಿ. ಮೇಣದ ಬುಡ್ಡಿ ಮತ್ತು ಸ್ಪ್ರಿಂಗ್ ಇರುವ ಬದಿ ಯಾವಾಗಲೂ ಎಂಜಿನ್ ಕಡೆಗೆ. ತಿರುಗಾಮುರುಗಾ ಹಾಕಿದರೆ ಬುಡ್ಡಿಗೆ ಎಂಜಿನ್ನಿನ ಬಿಸಿ ತಾಗುವುದಿಲ್ಲ, ಹೊಸದು ಹಾಕಿದ ದಿನವೇ ಗಾಡಿ ಕುದಿಯುತ್ತದೆ. ಗಾಳಿ ಪಿನ್ ಗಡಿಯಾರದ 12ರ ಜಾಗದಲ್ಲಿ, ಎಲ್ಲಕ್ಕಿಂತ ಮೇಲೆ ಇರಲಿ.

ಚೂರು ಒಳಗೆ ಬೀಳದಂತೆ ಮೊದಲು ಬಟ್ಟೆ ತುರುಕಿ, ಕೂರುವ ಜಾಗವನ್ನು ಪ್ಲಾಸ್ಟಿಕ್ ಕೆರೆಗತ್ತಿಯಿಂದ ಕೆರೆದು ಒರೆಸಿ, ಆಮೇಲೆ ಆ ಬಟ್ಟೆ ತೆಗೆಯಿರಿ. ಕೊನೆಯದನ್ನು ಹೇಳಲೇಬೇಕಾಗುತ್ತದೆ. ರಬ್ಬರ್ ರಿಂಗ್ ಇದ್ದರೆ ಸಿಲಿಕೋನ್ ಪೇಸ್ಟ್ ಬೇಡವೇ ಬೇಡ. ಹೊರಗೆ ಉಬ್ಬಿದ ಪೇಸ್ಟಿನಷ್ಟೇ ಒಳಗೂ ಉಬ್ಬಿರುತ್ತದೆ, ಅದು ಕಿತ್ತುಬಂದು ಹೊಸ ಬಾಗಿಲಿನ ಸಂದಿಗೇ ಸೇರುತ್ತದೆ. ಬೋಲ್ಟುಗಳನ್ನು ಮೊದಲು ಕೈಯಲ್ಲಿ, ಆಮೇಲೆ ಒಂದಾದ ಮೇಲೊಂದರಂತೆ ಸಮನಾಗಿ ಬಿಗಿಯಿರಿ. 6 ಮಿಲಿಮೀಟರ್ ಬೋಲ್ಟಿಗೆ 10 ನ್ಯೂಟನ್ ಮೀಟರ್ ಆಸುಪಾಸು ಸಾಕು, ಅಂದರೆ ಗಿಡ್ಡ ಸ್ಪ್ಯಾನರನ್ನು ಮಣಿಕಟ್ಟಿನ ಬಲದಿಂದ ತಿರುಗಿಸಿದಷ್ಟು.

ನೀರು ತುಂಬುವುದು, ಗಾಳಿ ತೆಗೆಯುವುದು

ಬೋರ್ ನೀರಿನ ನಲ್ಲಿಯಿಂದ ತುಂಬಿಕೊಳ್ಳುವ ಅಭ್ಯಾಸವೇ ಈ ಜಿಲ್ಲೆಗಳಲ್ಲಿ ಥರ್ಮೋಸ್ಟಾಟನ್ನೂ ರೇಡಿಯೇಟರನ್ನೂ ಹಾಳುಮಾಡುವುದು. ಆಳದ ಬೋರ್‌ವೆಲ್ ನೀರು ಗಡಸು. ಹಂಡೆಯ ತಳದಲ್ಲಿ, ಗೀಸರ್ ಕಾಯಿಲ್ ಮೇಲೆ ಕಟ್ಟುವ ಬಿಳಿ ಹಕ್ಕಳೆಯೇ ಎಂಜಿನ್ನಿನ ಒಳಗೂ ಕಟ್ಟುತ್ತದೆ. ಎಲ್ಲಕ್ಕಿಂತ ಬಿಸಿಯಿರುವ ಜಾಗದಲ್ಲಿ ಅದು ಮೊದಲು ಕಟ್ಟುವುದು. ಊರಿನ ಶುದ್ಧ ನೀರಿನ ಘಟಕದ ನೀರು ಬೋರ್ ನೀರಿಗಿಂತ ಎಷ್ಟೋ ವಾಸಿ, ತುರ್ತಿಗೆ ಆಗುತ್ತದೆ. ಆದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ 5 ಲೀಟರ್ ಕ್ಯಾನ್ ಸಿಗುವಾಗ ಜಿಪುಣತನ ಬೇಡ. ಸಣ್ಣ ಕಾರಿಗೆ ಒಟ್ಟು ಬೇಕಾಗುವುದು ನಾಲ್ಕೈದು ಲೀಟರ್. ಸಾಂದ್ರಣವಾದರೆ ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿ, ಹೆಚ್ಚಾಗಿ ಅರ್ಧಕ್ಕರ್ಧ, ಹೊರಗೇ ಬೆರೆಸಿ ಹಾಕಿ. ರೆಡಿಮಿಕ್ಸ್ ಆದರೆ ಅದಕ್ಕೆ ಮತ್ತೆ ನೀರು ಸೇರಿಸಬೇಡಿ. ಬಣ್ಣ ನೋಡಿ ಕೊಳ್ಳಬೇಡಿ, ಹಸಿರು, ಕೆಂಪು ಎಂಬುದು ಬಣ್ಣ ಮಾತ್ರ. ಗಾಡಿಯ ಪುಸ್ತಕದಲ್ಲಿ ಹೇಳಿದ ಬಗೆಯನ್ನೇ ಹಾಕಿ.

ಗಾಡಿಯ ಮೂತಿ ಸ್ವಲ್ಪ ಎತ್ತರಕ್ಕಿರುವ ಇಳಿಜಾರಿನಲ್ಲಿ ನಿಲ್ಲಿಸಿ. ಹೀಟರ್ ಪೂರ್ತಿ ಬಿಸಿಗೆ ಇಡಿ. ಗಾಳಿ ತೆಗೆಯುವ ಸ್ಕ್ರೂ ಇದ್ದರೆ ಸಡಿಲಿಸಿ. ಸಣ್ಣ ಧಾರೆಯಲ್ಲಿ, ಗುಳುಗುಳು ಸದ್ದು ನಿಲ್ಲುವವರೆಗೆ ತುಂಬಿ, ಮೇಲಿನ ಹೋಸನ್ನು ಹಿಸುಕುತ್ತಿರಿ. ಬ್ಯಾಟರಿ ಜೋಡಿಸಿ ಕ್ಯಾಪ್ ಇಲ್ಲದೆ ಐಡಲಿನಲ್ಲಿ ಓಡಿಸಿ, ಮಟ್ಟ ಇಳಿದಂತೆ ತುಂಬಿ. ನೀರು ಉಕ್ಕಿ ಬರತೊಡಗಿದರೆ ಕ್ಯಾಪ್ ಹಾಕಿ. ಫ್ಯಾನ್ ಎರಡು ಸಲ ತಿರುಗಿ ನಿಲ್ಲುವವರೆಗೆ ಬಿಡಿ. ಡೀಸೆಲ್ ಗಾಡಿಗಳು ಐಡಲಿನಲ್ಲಿ ಅಷ್ಟು ಬಿಸಿಯಾಗದಿರಬಹುದು, ಅವನ್ನು ಐದಾರು ಕಿಲೋಮೀಟರ್ ಓಡಿಸಿಯೇ ನೋಡಬೇಕು. ಎರಡೂ ಹೋಸ್ ಬಿಸಿಯಾಗಿ, ಹೀಟರ್ ಒಂದೇ ಸಮನೆ ಬಿಸಿ ಊದಿದರೆ ಗಾಳಿ ಹೋಗಿದೆ. ಹೀಟರ್ ಒಮ್ಮೆ ಬಿಸಿ, ಒಮ್ಮೆ ತಣ್ಣಗೆ ಊದುತ್ತಿದ್ದರೆ ಗಾಳಿ ಇನ್ನೂ ಒಳಗಿದೆ. ಥರ್ಮೋಸ್ಟಾಟಿನ ಕೆಳಗೆ ಗಾಳಿಗುಳ್ಳೆ ನಿಂತರೆ ಬುಡ್ಡಿಗೆ ನೀರೇ ತಾಗದು, ಹೊಸ ಥರ್ಮೋಸ್ಟಾಟ್ ತೆರೆಯದೆ ಎಂಜಿನ್ ಕುದಿಯುತ್ತದೆ. "ಹೊಸದೂ ಡಿಫೆಕ್ಟು" ಎಂದು ಅಂಗಡಿಗೆ ವಾಪಸು ಹೋಗುವವರಲ್ಲಿ ಬಹಳ ಮಂದಿಯ ಕತೆ ಇದೇ.

ಮರುದಿನ ಬೆಳಗ್ಗೆ, ತಣ್ಣಗಿರುವಾಗ, ಕ್ಯಾಪ್ ತೆಗೆದು ಮಟ್ಟ ನೋಡಿ. ಕಾಲು ಲೀಟರಿನಷ್ಟು ಇಳಿದಿರುವುದು ಸಹಜ, ತುಂಬಿ. ಹೌಸಿಂಗ್ ಸುತ್ತ ಬಟ್ಟೆಯಿಂದ ಒರೆಸಿ ಒದ್ದೆಯಿದೆಯೇ ನೋಡಿ. ಮೂರನೇ ದಿನವೂ ಇಳಿಯುತ್ತಿದ್ದು ಹೊರಗೆಲ್ಲೂ ಸೋರಿಕೆ ಕಾಣದಿದ್ದರೆ ಹೆಡ್ ಗ್ಯಾಸ್ಕೆಟ್ ಪರೀಕ್ಷೆ ಮಾಡಿಸಿ.